ಎಣ್ಣೆಯ ವಿಚಾರ

ಜೂನ್ ೪

ಗಡಿಬಿಡಿ ಮಗಳಿಗೆ ಅಮ್ಮನ ಆಶೀರ್ವಾದ.

ನೀನು ಹೋಗಿ ಸೇರಿದ್ದು, ಕೋಣೆ ಸಿಕ್ಕಿದ್ದು, ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ನಿನಗೊಂದು ಬಿಳಿ ಕೋಟು ಕೊಟ್ಟದ್ದು ಎಲ್ಲ ತಿಳಿದು ಸಂತೋಷವಾಯಿತು. ಆದರೆ ಅಷ್ಟುದ್ದ ಕಾಗದದಲ್ಲಿ ಸೈಕಲ್ಲಿನ ಬಗ್ಗೆ ಒಂದೇ ಸಾಲು: "ಚೈನು ಕಿರ್ ಅಂತಿದೆ, ನೋಡ್ಕೋತೀನಿ." ಯಾವಾಗ ನೋಡಿಕೊಳ್ಳುವುದು? ಅದು ಕಿರ್ ಅನ್ನುವುದು ನಿನಗೆ ಸಂಗೀತ ಕೇಳಿಸಲಿಕ್ಕಲ್ಲ.

ಅದೇ ಸೈಕಲ್ಲನ್ನು ನಾನು ಪ್ರೆಸ್ಸಿಗೆ ತುಳಿದ ಕಾಲದಲ್ಲಿ ಅದು ಒಂದು ದಿನ ಕೆಮ್ಮಿದ್ದಿಲ್ಲ. ಕರಡು ತಿದ್ದುವವಳಿಗೆ ಬಿಟ್ಟುಹೋದ ಒತ್ತಕ್ಷರ ಹೇಗೋ ಒಣಗಿದ ಚೈನೂ ಹಾಗೆಯೇ, ದೂರದಿಂದಲೇ ಚುಚ್ಚುತ್ತದೆ. ಹೇಳುತ್ತೇನೆ, ಓದಿಕೋ. ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಸೀಮೆಎಣ್ಣೆ ಮುಟ್ಟಿಸಿ ಚೈನಿನ ಕೊಳೆ ಉಜ್ಜು. ಒರೆಸು. ಒಣಗಲಿ. ಆಮೇಲೆ ಹೊಲಿಗೆ ಮಿಷನ್ನಿಗೆ ಹಾಕುವಂಥ ತೆಳು ಎಣ್ಣೆ ತಗೊಂಡು, ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ಒಂದೊಂದು ಕೀಲಿಗೆ ಒಂದೊಂದೇ ಹನಿ ಬಿಡು. ಸ್ವಲ್ಪ ಹೊತ್ತು ಸುಮ್ಮನಿರು (ನಿನಗೆ ಕಷ್ಟ, ಗೊತ್ತು). ಕೊನೆಗೆ ಮೇಲೆ ಉಳಿದದ್ದನ್ನೆಲ್ಲ ಬಟ್ಟೆಯಲ್ಲಿ ಒರೆಸಿ ತೆಗೆ. ಎಣ್ಣೆ ಬೇಕಾದದ್ದು ಕೀಲಿನ ಒಳಗೆ. ಹೊರಗೆ ಉಳಿದದ್ದು ಧೂಳು ಹಿಡಿದು, ಅರೆಯುವ ಕಲ್ಲಿನ ಹಾಗೆ ಚೈನನ್ನೇ ಅರೆದು ತಿನ್ನುತ್ತದೆ. ನೆನಪಿಗೆ ಒಂದು ಪ್ರಾಸ ಕಟ್ಟಿದ್ದೇನೆ: ಸುರಿದವಳು ಕೆಟ್ಟಳು, ಒರೆಸಿದವಳು ಊರು ಮುಟ್ಟಿದಳು.

ಅಡುಗೆ ಎಣ್ಣೆಗೆ ಕೈ ಹಾಕಬೇಡ. ಅದು ಅಂಟಾಗುತ್ತದೆ. ನಿನ್ನ ಬುದ್ಧಿ ಮೊದಲು ಅಲ್ಲಿಗೇ ಓಡುತ್ತದೆ ಅಂತಲೇ ಬರೆದೆ.

ನಾವಿಲ್ಲಿ ನೆಟ್ಟಗಿದ್ದೇವೆ, ನೀನಲ್ಲಿ ಹೊಟ್ಟೆಗೆ ಸರಿಯಾಗಿ ತಿನ್ನು,
ಅಮ್ಮ

(ಅಂಚಿನಲ್ಲಿ ಜಾಗ ಉಳಿದಿದೆ. ಹೇಗಿದ್ದೀಯಾ?)


ಜೂನ್ ೧೬

ಅಮ್ಮಾ,

ನಿನ್ನ ಚೈನ್ ಪುರಾಣ ತಲುಪಿತು. ನಾನು ಹೇಗಿದ್ದೇನೆ ಅನ್ನುವುದಕ್ಕೆ ಅಂಚಿನಲ್ಲಿ ಜಾಗ ಸಿಕ್ಕಿತಲ್ಲ, ಪುಣ್ಯ. ಚೆನ್ನಾಗಿದ್ದೇನೆ. ದಯವಿಟ್ಟು ಕಾಗದ ಬಿಟ್ಟು ಕಾರ್ಡು ಬರೆ. ಕಾರ್ಡಿನಲ್ಲಾದರೆ ನಿನಗೆ ಜಾಗ ಸಾಲದೆ ನನಗೆ ಉಸಿರಾಡಲು ಬಿಡುತ್ತೀ.

ಕೋಣೆ ಕೊಟ್ಟವರ ಬಗ್ಗೆ ನೀನು ಕೇಳಲೇ ಇಲ್ಲ, ನಾನೇ ಹೇಳುತ್ತೇನೆ. ತೂಕ ಅಳತೆ ಇಲಾಖೆಯಿಂದ ನಿವೃತ್ತರಾದ ಯಜಮಾನರು. ಈಗ ಮದ್ಯವರ್ಜನ ಸಂಘದ ಕಾರ್ಯದರ್ಶಿ. ಬಾಗಿಲ ಮೇಲೆ ಅವರ ಹೆಸರಿಗಿಂತ ದೊಡ್ಡದಾಗಿ "ಕುಡಿಯುವವರು ಆಚೆಯೇ ಇರಿ" ಅಂತ ಹಲಗೆ. ಕೋಣೆ ನೋಡಲು ಹೋದ ದಿನ ಬಾಡಿಗೆ ಮಾತಿಗೂ ಮುಂಚೆ "ಊದಮ್ಮ" ಅಂದರು.

"ಏನು?"

"ಬಾಯಿ. ಊದು."

ಊದಿದೆ. ಬೆಳ್ಳುಳ್ಳಿ ವಾಸನೆ ಬಂತಂತೆ. ಅದಕ್ಕೆ ಸಂಘದ ಅಭ್ಯಂತರ ಇಲ್ಲವಂತೆ.

ನಗಬೇಡ. ನೀರಿನ ಘಟಕ ಊರಾಚೆ ಇದೆ. ಬೆಳಕು ಹರಿಯುವಾಗಲೇ ಮೊದಲ ಮಾದರಿ ತೆಗೆಯಬೇಕು, ಆ ಹೊತ್ತಿಗೆ ಬಸ್ಸಿಲ್ಲ. ಸೈಕಲ್ಲಿನಲ್ಲಿ ಸರಿಯಾದ ಹೊತ್ತಿಗೆ ಮುಟ್ಟುವಷ್ಟು ಹತ್ತಿರ ಸಿಕ್ಕಿದ್ದು ಇದೊಂದೇ ಕೋಣೆ. ವರ್ಷದ ಕೊನೆಗೆ ಕೆಲಸ ಕಾಯಂ ಮಾಡುವಾಗ ಮುಖ್ಯಸ್ಥೆ ಮೊದಲು ನೋಡುವುದು ಯಾರು ಎಷ್ಟು ಸಲ ತಡವಾಗಿ ಬಂದರು ಅನ್ನುವುದನ್ನಂತೆ. ಅದಕ್ಕೇ ಚೈನು ಕೈಕೊಡದ ಹಾಗೆ ದಿನಾ ಬೆಳಿಗ್ಗೆ ಹೊರಡುವಾಗ ಧಾರಾಳವಾಗಿ ಎಣ್ಣೆ ಹುಯ್ಯುತ್ತೇನೆ. ಕಿರ್ ನಿಂತಿದೆ. ಜಗಲಿಯ ಮೇಲೆ ಕಪ್ಪು ಹನಿ ಬೀಳುತ್ತದೆ ಅಂತ ಯಜಮಾನರು ಹುಬ್ಬು ಗಂಟಿಕ್ಕಿದ್ದಾರೆ. ಅಷ್ಟೇ.

ನಿನ್ನ,
ಗಡಿಬಿಡಿ


ಜೂನ್ ೨೪ (ಕಾರ್ಡು)

ಗಡಿಬಿಡಿ,

ಕೇಳಿದೆ, ಕಾರ್ಡೇ ಬರೆಯುತ್ತಿದ್ದೇನೆ. ನಿನ್ನ ಎಣ್ಣೆ ಅತಿಯಾಯಿತು. ದಿನಾ ಯಾಕೆ? ವಾರಕ್ಕೊಮ್ಮೆ ಸಾಕು. ಅದೂ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಯಾರಾದರೂ ಹಾಕುತ್ತಾರೆಯೇ? ಸಂಜೆ ಹಾಕಿ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಚೆನ್ನಾಗಿ ಒಳಗೆ ಇಳಿದಿರುತ್ತದೆ. ಮಳೆಯಲ್ಲಿ ನೆನೆದ ದಿನ ಬೇಕಾದರೆ ಒಂದು ಹನಿ ಹೆಚ್ಚು. ಹಾಕಿದ ಮೇಲೆ ಒರೆಸಿಕೋ, ಇಲ್ಲದಿದ್ದರೆ ನೋಡಿದವರು ಏನಂತಾರೆ? ಅತಿಯಾದರೆ ಗತಿ ಕೆಡುತ್ತದೆ.

ಜಾಗ ಮುಗಿಯಿತು, ಸಿಟ್ಟು ಮುಗಿದಿಲ್ಲ,
ಅಮ್ಮ


ಜುಲೈ ೩

ಅಮ್ಮಾ,

ನಿನ್ನ ಬಾಯಿಗೆ ಏನು ಹಾಕಲಿ? ಗತಿ ಕೆಟ್ಟಿತು. ಮೊನ್ನೆ ಬೆಳಿಗ್ಗೆ ತಿರುವಿನಲ್ಲಿ ಚೈನು ಹಲ್ಲು ಬಿಟ್ಟು ಕಳಚಿಕೊಂಡಿತು, ಪೆಡಲು ಖಾಲಿ ತಿರುಗಿತು, ನಾನು ರಸ್ತೆ ಬದಿಯ ಜಲ್ಲಿಗೆ ಬಿದ್ದೆ. ಮೊಣಕೈ ತರಚಿದೆ, ಅಷ್ಟೇನಿಲ್ಲ. ಚೈನನ್ನು ಬೆರಳಲ್ಲಿ ಎತ್ತಿ ಹಲ್ಲಿಗೆ ಕೂರಿಸಿ ಹೋಗುವಷ್ಟರಲ್ಲಿ ತಡವಾಯಿತು. ಬಿಳಿ ಕೋಟಿನ ಮೇಲೆ ಕಪ್ಪು ಕೈಗುರುತು. ಮುಖ್ಯಸ್ಥೆ ಕೋಟನ್ನು ನೋಡಿ, ಆಮೇಲೆ ಗಡಿಯಾರ ನೋಡಿ, "ನೀರು ಶುದ್ಧ ಇದೆಯಾ ಅಂತ ನೋಡೋರು ನಾವು" ಅಂದರು. ಅಷ್ಟೇ ಅಂದರು. ಬೈದಿದ್ದರೆ ವಾಸಿಯಿತ್ತು.

ಚೈನು ಜೋತು ಬಿದ್ದಿದೆ. ಮುಟ್ಟಿದರೆ ಮಣ್ಣು ಕಲಸಿದ ಡಾಂಬರು. ನೀನು ಹೇಳಿದ್ದೇ ಸರಿ, ಹೋಗಲಿ, ಅದನ್ನು ಇನ್ನೊಂದು ಕಾರ್ಡಿನಲ್ಲಿ ಬರೆಯಬೇಡ.

ಇನ್ನೊಂದು. ಯಜಮಾನರು ಈಗೀಗ ನಾನು ಒಳಗೆ ಬರುವಾಗಲೆಲ್ಲ ತೀರ ಹತ್ತಿರ ನಿಂತು ಮೂಗಿನಿಂದ ಉಸಿರೆಳೆಯುತ್ತಾರೆ. ನೆಗಡಿ ಇರಬೇಕು. ಜಗಲಿ ಕಲೆಯ ಸಿಟ್ಟೂ ಇರಬಹುದು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿರುತ್ತಾರೆ.

ನಿನ್ನ,
ತರಚಿದ ಗಡಿಬಿಡಿ


ಜುಲೈ ೧೦ (ಕಾರ್ಡು)

ಗಡಿಬಿಡಿ,

ಬಿದ್ದೆ ಅಂತ ಓದಿ ಆಶ್ಚರ್ಯವೇನೂ ಆಗಲಿಲ್ಲ. ಅಷ್ಟು ಎಣ್ಣೆ ಹಾಕಿದರೆ ಬೀಳದೆ ಇನ್ನೇನು? ಹಾಗಂತ ಹೆದರಿ ಪೂರ್ತಿ ಬಿಟ್ಟುಬಿಡಬೇಡ, ಬಿಟ್ಟರೆ ತುಕ್ಕು ಹಿಡಿಯುತ್ತೀ. ಮಿತವಾಗಿರಲಿ. ನಿಮ್ಮಪ್ಪನೂ ಅದೇ ಅಂದರು: "ರಜಾದಿನ ಕೂತು ನಿಧಾನಕ್ಕೆ ಹಾಕ್ಕೊಳ್ಳಲಿ, ಯಾಕೆ ಅವಸರ?" ಹಳೆಯದನ್ನೆಲ್ಲ ತೊಳೆದು ಹೊಸದಾಗಿ ಶುರು ಮಾಡು. ಸಡಿಲವಾದದ್ದನ್ನು ಬಿಗಿ ಮಾಡಿಕೊಂಡರೆ ಎಲ್ಲ ಸರಿಹೋಗುತ್ತದೆ. ಕೈಗೆ ಔಷಧಿ ಹಚ್ಚಿದೆಯಾ?

ಹೇಳೋದು ನನ್ನ ಚಾಳಿ, ಕೇಳದ್ದು ನಿನ್ನ ಗೋಳು,
ಅಮ್ಮ


ಜುಲೈ ೧೮

ಮಾನ್ಯರೇ,

ತಮ್ಮ ಪುತ್ರಿ ನಮ್ಮ ಹಿಂಬದಿಯ ಕೋಣೆಯಲ್ಲಿ ಬಾಡಿಗೆಗೆ ಇರುವುದು ತಮಗೆ ತಿಳಿದದ್ದೇ. ತಮ್ಮ ಕಾರ್ಡುಗಳು ಬಾಗಿಲ ಸಂದಿಯಿಂದ ಒಳಗೆ ಬೀಳುವಾಗ ಬರಹವಿರುವ ಮಗ್ಗುಲೇ ಮೇಲಾಗಿ ಬೀಳುತ್ತದೆ. ಓದದೆ ಎತ್ತಿಕೊಡಬೇಕಾದರೆ ಕಣ್ಣು ಮುಚ್ಚಿಕೊಂಡು ತಡಕಾಡಬೇಕು. ಈ ವಯಸ್ಸಿನಲ್ಲಿ ಅದು ಕ್ಷೇಮವಲ್ಲ.

ಆದ್ದರಿಂದ ಎಣ್ಣೆಯ ವಿಚಾರ ನನ್ನ ಗಮನಕ್ಕೆ ಬಂದಿದೆ. ಇದು ದಿನವೂ ನಡೆಯುತ್ತಿತ್ತೆಂದು ತಿಳಿದು ದಿಗ್ಭ್ರಮೆಯಾಯಿತು. ಆದರೆ ಅದಕ್ಕಿಂತ ಹೆಚ್ಚು ದಿಗ್ಭ್ರಮೆಯಾದದ್ದು, "ವಾರಕ್ಕೊಮ್ಮೆ ಸಾಕು" ಎಂದು ಬರೆಯುವ ತಾಯಿಯನ್ನೂ "ರಜಾದಿನ ಕೂತು ಹಾಕಿಕೊಳ್ಳಲಿ" ಎಂದು ಹೇಳಿಕಳಿಸುವ ತಂದೆಯನ್ನೂ ಕಂಡು. ಈ ಮನೆಯಲ್ಲಿ ಇಂಥದಕ್ಕೆ ಅವಕಾಶವಿಲ್ಲವೆಂದು ಮೊದಲ ದಿನವೇ ತಿಳಿಸಿದ್ದೆ. ಹೆಣ್ಣುಮಗಳೆಂದು ಇದುವರೆಗೆ ಬಾಯಿ ಬಿಟ್ಟು ಕೇಳಿಲ್ಲ.

ಹೆತ್ತವರಾಗಿ ತಮ್ಮ ನಿಲುವೇನು, ತಿಳಿಸುವುದು.

ತಮ್ಮ ವಿಶ್ವಾಸಿ,
ಮನೆಯ ಯಜಮಾನ


ಜುಲೈ ೨೪

ಮಾನ್ಯರೇ, ನಮಸ್ಕಾರ.

ತಮ್ಮ ಕಾಗದ ನೋಡಿ ಮನಸ್ಸು ಹಗುರವಾಯಿತು. ನನ್ನ ಮಗಳ ಎಣ್ಣೆಯ ವಿಚಾರದಲ್ಲಿ ತಲೆ ಕೆಡಿಸಿಕೊಂಡವಳು ಜಗತ್ತಿನಲ್ಲಿ ನಾನೊಬ್ಬಳೇ ಅಂದುಕೊಂಡಿದ್ದೆ.

ತಪ್ಪು ಅವಳದ್ದೇ. ನಾನೇ ಕೈಹಿಡಿದು ಕಲಿಸಿದ್ದೇನೆ. ನಾನೂ ಪ್ರೆಸ್ಸಿನ ಕೆಲಸಕ್ಕೆ ಸೇರಿದಂದಿನಿಂದ ಹಾಕಿಕೊಂಡು ಬಂದವಳು, ಆದರೆ ಎಂದೂ ಹದ ಮೀರಿಲ್ಲ, ಎಂದೂ ದಾರಿಯಲ್ಲಿ ಬಿದ್ದಿಲ್ಲ. ಅವಳಿಗೆ ಆ ತಾಳ್ಮೆ ಇಲ್ಲ. ಒಂದೇ ಸಲಕ್ಕೆ ಸುರಿಯುವುದು, ಆಮೇಲೆ ನೋಡಿಕೊಂಡರಾಯಿತು ಅನ್ನುವುದು. ಹಾಗಂತ ಪೂರ್ತಿ ನಿಲ್ಲಿಸು ಅಂತ ನಾನು ಹೇಳಲಾರೆ. ಅಷ್ಟು ದೂರ ದಿನಾ ಹೋಗಿ ಬರುವವಳು ಎಣ್ಣೆಯಿಲ್ಲದೆ ಹೇಗೆ ಹೋದಾಳು ಹೇಳಿ.

ಜಗಲಿಯ ಮೇಲೆ ಚೆಲ್ಲಿದ್ದಕ್ಕೆ ಕ್ಷಮೆ ಇರಲಿ. ಕೆಳಗೊಂದು ಹಳೆಯ ಪತ್ರಿಕೆ ಹಾಸಿಕೊಂಡು ಹಾಕು ಅಂತ ಬರೆಯುತ್ತೇನೆ. ತಾವೂ ಹಿರಿಯರಾಗಿ ಒಮ್ಮೆ ಎದುರು ಕೂರಿಸಿಕೊಂಡು, ಎಷ್ಟು ಹಾಕಬೇಕು ಅಂತ ಅಳತೆ ತೋರಿಸಿಕೊಟ್ಟರೆ ಉಪಕಾರವಾಗುತ್ತದೆ. ಅಳತೆ ತಮ್ಮ ಇಲಾಖೆಯದ್ದೇ ಅಂತ ಕೇಳಿದ್ದೇನೆ.

ತಮ್ಮ ಕಾಳಜಿಗೆ ಋಣಿ,
ಹುಡುಗಿಯ ತಾಯಿ


ಆಗಸ್ಟ್ ೨

ಅಮ್ಮಾ,

ಏನು ಬರೆದೆ ನೀನು? ಏನು ಬರೆದೆ ಅವರಿಗೆ?

ಆ ಯಜಮಾನರು "ಎಣ್ಣೆ" ಅಂದದ್ದು ಚೈನಿನ ಎಣ್ಣೆ ಅಲ್ಲ ಮಾರಾಯ್ತಿ. ಬಾಟಲಿಯ ಎಣ್ಣೆ. ಕುಡಿಯುವ ಎಣ್ಣೆ. ಬೀದಿಯಲ್ಲಿ ಹುಡುಗರೆಲ್ಲ "ಎಣ್ಣೆ ಹಾಕೋಣ ಬಾ" ಅಂತಾರಲ್ಲ, ಆ ಎಣ್ಣೆ. ನಿನ್ನ ಕಾರ್ಡು ಒಂದನ್ನಾದರೂ ತಿರುಗಿ ಓದಿದ್ದೀಯಾ? ಎರಡರಲ್ಲೂ ಹುಡುಕಿದೆ, ಚೈನು ಅನ್ನುವ ಪದವೇ ಇಲ್ಲ. ಎಣ್ಣೆ ಅತಿಯಾಯಿತು, ಅಷ್ಟು ಹಾಕಿದರೆ ಬೀಳದೆ ಇನ್ನೇನು, ಪೂರ್ತಿ ಬಿಡಬೇಡ, ರಜಾದಿನ ಕೂತು ಹಾಕ್ಕೊಳ್ಳಲಿ. ಅವರು ಇಷ್ಟು ದಿನ ನನ್ನ ಪಕ್ಕ ನಿಂತು ಮೂಸಿದ್ದು ನೆಗಡಿಗಲ್ಲ.

ಉರಿಯುವ ಬೆಂಕಿಗೆ ತುಪ್ಪ ಸುರಿಯುವವರನ್ನು ಕೇಳಿದ್ದೆ. ನೀನು ಎಣ್ಣೆಯನ್ನೇ ಸುರಿದೆ.

ನಿನ್ನೆ ಕೆಲಸದಿಂದ ಬಂದಾಗ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ನಿನ್ನ ಕಾಗದ ಕೈಯಲ್ಲಿ.

"ನಿನ್ನ ತಾಯಿಯೂ ಹಾಕ್ತಾರಂತೆ."

"ಹೌದು" ಅಂದೆ. ನನಗೇನು ಗೊತ್ತು.

"ಅವರೇ ಕಲಿಸಿದ್ದಂತೆ."

"ಹೌದು, ಚಿಕ್ಕವಳಿದ್ದಾಗಲೇ."

"ನಾನೇ ಎದುರಿಗೆ ಕೂರಿಸಿ ಅಳತೆ ತೋರಿಸಬೇಕಂತೆ" ಅಂದರು. ಅವರ ಬೆರಳು ಬಾಗಿಲ ಮೇಲಿನ ಹಲಗೆ ತೋರಿಸುತ್ತಿತ್ತಮ್ಮ. ಆಗ ನನ್ನ ತಲೆಗೆ ಹೊಳೆಯಿತು. ಸೈಕಲ್ ತೋರಿಸಿದೆ, ಎಣ್ಣೆ ಡಬ್ಬಿ ತಂದು ತೋರಿಸಿದೆ, ಕಪ್ಪಾದ ಬೆರಳು ತೋರಿಸಿದೆ. "ಈಗ ಎಲ್ಲದಕ್ಕೂ ಒಂದು ಸೈಕಲ್ ಸಿಗುತ್ತೆ" ಅಂದರು. ಸಿಕ್ಕಿಬಿದ್ದ ಮೇಲೆ ಕಥೆ ಕಟ್ಟುತ್ತಿದ್ದೇನೆ ಅಂತ ಅವರ ಲೆಕ್ಕ.

ತಿಂಗಳ ಕೊನೆಗೆ ಕೋಣೆ ಬಿಡಬೇಕು. ಇಲ್ಲವೇ ಸಂಘದ ಪ್ರತಿಜ್ಞೆಗೆ ರುಜು ಹಾಕಬೇಕು. ಹಾಕಿದರೆ ಇರಬಹುದಂತೆ, ಸಂಘದ ಸಭೆಯಲ್ಲಿ ನನ್ನನ್ನು ಉದಾಹರಣೆಯಾಗಿ ತೋರಿಸುತ್ತಾರಂತೆ. ಬಿಟ್ಟರೆ ಬೆಳಗಿನ ಮಾದರಿಗೆ ಎಲ್ಲಿಂದ ಮುಟ್ಟಲಿ? ಮುಟ್ಟದಿದ್ದರೆ ಕೆಲಸ ಕಾಯಂ ಹೇಗಾಗುತ್ತೆ?

ಏನಾದರೂ ಮಾಡು. ಕಾರ್ಡು ಬೇಡ. ಲಕೋಟೆಯಲ್ಲಿ ಬರೆ, ಅಂಟು ಹಾಕಿ.

ನಿನ್ನ,
ಕುಡುಕಿ


ಆಗಸ್ಟ್ ೯

ಮಗಳೇ,

ನಿನ್ನ ಕಾಗದ ಓದಿ ನಾನೂ ನಿಮ್ಮಪ್ಪನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಪ್ರೆಸ್ಸಿನಲ್ಲಿ ಓದಿ ಹೇಳಿದೆ, ಅಚ್ಚು ಜೋಡಿಸುವವನು ಕೆಲಸ ಬಿಟ್ಟು ನಕ್ಕ. ನಿನಗೆ ನಗು ಬರುತ್ತಿಲ್ಲ, ಗೊತ್ತು. ಮುಂದೊಂದು ದಿನ ಬರುತ್ತದೆ.

ನನ್ನ ತಪ್ಪು ಅಂತ ಒಪ್ಪಲಾರೆ. ಎಣ್ಣೆ ಅಂದರೆ ಎಣ್ಣೆ. ಯಾವ ನಿಘಂಟು ತೆಗೆದರೂ ಮೊದಲ ಅರ್ಥ ನನ್ನದೇ. ಬೀದಿಯವರು ಒಂದು ಒಳ್ಳೆಯ ಪದವನ್ನು ಎತ್ತಿಕೊಂಡು ಹೋಗಿ ಹಾಳು ಮಾಡಿದರೆ ಅದಕ್ಕೆ ನಾನೇಕೆ ಹೊಣೆ? ಜಾಗ ಸಾಲದ ಕಾರ್ಡು ಬರೆ ಅಂದವಳು ಯಾರು?

ಈಗ ಕೆಲಸದ ಮಾತು. ರುಜು ಹಾಕಿಬಿಡು. ಕಾಗದಕ್ಕೇನು ಬಾಯಿದೆಯೇ? ಪ್ರೆಸ್ಸಿನಲ್ಲಿ ನಾನು ಮಾಡದ ತಪ್ಪಿಗೆ "ವಿಷಾದಿಸುತ್ತೇವೆ" ಅಂತ ಎಷ್ಟು ಸಲ ಅಚ್ಚು ಹಾಕಿಸಿಲ್ಲ? ಮೂಗು ಹಿಡಿದು ಬಗ್ಗಿದರೆ ಗಾಳಿ ದಾಟಿ ಹೋಗುತ್ತದೆ. ಕೋಣೆ ಉಳಿಯುತ್ತದೆ, ಕೆಲಸ ಉಳಿಯುತ್ತದೆ. ಸಭೆಯಲ್ಲಿ ಎಬ್ಬಿಸಿ ನಿಲ್ಲಿಸಿದರೆ ನಿಂತು ಕೂತುಕೋ.

ಅಂದ ಹಾಗೆ, ಆ ಥರದ್ದು ಏನೂ ಇಲ್ಲ ತಾನೇ? ಸುಮ್ಮನೆ ಕೇಳಿದೆ. ಊರು ಹೊಸದು, ಜೊತೆಯವರು ಹೇಗೋ ಏನೋ.

ಹಟ ಬೇಡ, ಕಾಟ ಬೇಡ, ರುಜು ಹಾಕಿ ಊಟ ಮಾಡು,
ಅಮ್ಮ


ಆಗಸ್ಟ್ ೧೬

ಅಮ್ಮಾ,

ಪ್ರತಿಜ್ಞೆಯ ಕಾಗದ ಓದಿದೆ. ಹೀಗಿದೆ: "ಇನ್ನು ಮುಂದೆ ಮದ್ಯವನ್ನು ಮುಟ್ಟುವುದಿಲ್ಲವೆಂದು ಈ ಮೂಲಕ ಪ್ರತಿಜ್ಞೆ ಮಾಡುತ್ತೇನೆ." ರುಜು ಹಾಕುವುದಿಲ್ಲ. "ಇನ್ನು ಮುಂದೆ" ಅಂದರೆ ಇಷ್ಟು ದಿನ ಮುಟ್ಟಿದ್ದೆ ಅಂತಾಯಿತು. ಯಜಮಾನರಿಗೆ ಹೇಳಿದೆ, "ನಾನು ಕುಡಿಯಲ್ಲ. ಮುಂಚೆನೂ ಕುಡಿದಿಲ್ಲ."

"ಹಾಗಾದ್ರೆ ರುಜು ಹಾಕೋಕೆ ಏನು ಕಷ್ಟ?"

"ಹಾಗಾದ್ರೆ ರುಜು ಯಾಕೆ ಬೇಕು?"

"ನೋಡಮ್ಮ, ಕುಡಿಯೋರೆಲ್ಲ ಇದೇ ವಾದ ಮಾಡೋದು" ಅಂದರು. ಅವರ ಜೊತೆ ಮಾತಾಡುವುದು ತುಕ್ಕು ಹಿಡಿದ ಚೈನು ತುಳಿದ ಹಾಗೆ. ಬೆವರು ಹರಿಯುತ್ತೆ, ಚಕ್ರ ತಿರುಗಲ್ಲ.

ಅವರನ್ನು ಬಿಡು. ಅವರು ಯಾರೋ. ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ನಿಘಂಟಿನ ಬಗ್ಗೆ ಇದೆ, ಅಚ್ಚು ಜೋಡಿಸುವವನ ನಗುವಿನ ಬಗ್ಗೆ ಇದೆ, ಕೊನೆಗೊಂದು ಪ್ರಾಸ ಇದೆ. "ನೀನು ಕುಡಿಯಲ್ಲ ಅಂತ ನನಗೆ ಗೊತ್ತು" ಅನ್ನುವ ಒಂದು ಸಾಲು ಇಲ್ಲ. ಅದರ ಬದಲು "ಏನೂ ಇಲ್ಲ ತಾನೇ?" ಅಂತ ಇದೆ. ಯಜಮಾನರು ಊದು ಅಂದಾಗ ಬಾಯಿ ಊದಿದೆ. ನೀನೂ ಊದು ಅಂದೆಯಲ್ಲಮ್ಮ, ಅಷ್ಟು ದೂರದಿಂದ.

ನಿನ್ನ ಕೈಯಿಂದ ಎಷ್ಟು ಜನರ ಪುಸ್ತಕ ತಿದ್ದಿಸಿಕೊಂಡು ಹೋಗಿದೆ. ನಿನ್ನ ಕಾಗದದಲ್ಲಿ ನಾನು ಒಂದೇ ಪದಕ್ಕೆ ಗುರುತು ಹಾಕಿದ್ದೇನೆ. ಆ "ತಾನೇ" ತೆಗೆ.

ಮಗಳು


ಆಗಸ್ಟ್ ೨೧

ಗಡಿಬಿಡಿ,

ಸುಮ್ಮನೆ ಕೇಳಿದ್ದಕ್ಕೆ ಇಷ್ಟು ದೊಡ್ಡ ಮಾತೇ? ತಾಯಿ ಕೇಳದೆ ಇನ್ಯಾರು ಕೇಳಬೇಕು? ಆ ವಿಷಯ ಬಿಡು.

"ಇನ್ನು ಮುಂದೆ" ಬಗ್ಗೆ ನೀನು ಹೇಳಿದ್ದು ಸರಿ. ಅದು ಕೆಟ್ಟ ವಾಕ್ಯ. ಆದರೆ ವಾಕ್ಯ ಕೆಟ್ಟರೆ ತಿದ್ದುತ್ತಾರೆ, ಮನೆ ಬಿಡುವುದಿಲ್ಲ. "ಇನ್ನು ಮುಂದೆ" ಹೊಡೆದುಹಾಕಿ ಮೇಲೆ "ಎಂದಿನಂತೆ ಮುಂದೆಯೂ" ಅಂತ ಬರೆ. "ಎಂದಿನಂತೆ ಮುಂದೆಯೂ ಮದ್ಯವನ್ನು ಮುಟ್ಟುವುದಿಲ್ಲ." ನೋಡು, ಅವರ ಪ್ರತಿಜ್ಞೆಯೂ ಉಳಿಯಿತು, ನಿನ್ನ ಮರ್ಯಾದೆಯೂ ಉಳಿಯಿತು, ಕಿವಿಗೂ ಹಿತ. ಇಷ್ಟು ಚೆಂದದ ತಿದ್ದುಪಡಿ ಈ ವರ್ಷ ನಾನು ಮಾಡಿಲ್ಲ.

ಕೋಣೆ ಬಿಡಬೇಡ, ಕೋಪ ಪಡಬೇಡ,
ಅಮ್ಮ


ಆಗಸ್ಟ್ ೨೬ (ಕಾರ್ಡು)

ತಿದ್ದಿದ್ದನ್ನು ತೋರಿಸಿದೆ. ಮುದ್ರಿತ ಪ್ರತಿಜ್ಞೆಯಲ್ಲಿ ಒಂದಕ್ಷರ ಬದಲಿಸಬೇಕಾದರೂ ಸಂಘದ ಮಹಾಸಭೆ ಕರೆಯಬೇಕಂತೆ. ಕೋಣೆ ಹುಡುಕುತ್ತಿದ್ದೇನೆ.

ನೀನು ತಿದ್ದಬೇಕಾದದ್ದು ಅದಲ್ಲ ಅಂತ ಬರೆದಿದ್ದೆ. ಕಾರ್ಡಿನಲ್ಲಿ ಬರೆಯುತ್ತಿದ್ದೇನೆ, ಯಾರು ಬೇಕಾದರೂ ಓದಲಿ.

ಮಗಳು


ಆಗಸ್ಟ್ ೨೯

ಮನೆಯ ಯಜಮಾನರಿಗೆ,

ನನ್ನ ಹಿಂದಿನ ಕಾಗದ ಸೈಕಲ್ ಚೈನಿನ ಎಣ್ಣೆಯ ಬಗ್ಗೆ. ತಾವು ಜಗಲಿಯ ಕಲೆಯ ಬಗ್ಗೆ ದೂರುತ್ತಿದ್ದೀರಿ ಅಂತ ನಾನು ತಿಳಿದೆ. ತಾವು ತಿಳಿದದ್ದು ಬೇರೆ. ಅದರಲ್ಲಿ ನಗುವಂಥದ್ದಿತ್ತು, ನಾನು ನಕ್ಕಾಯಿತು. ಈಗ ನಗದೆ ಬರೆಯುತ್ತಿದ್ದೇನೆ.

ನನ್ನ ಮಗಳು ಕುಡಿಯುವುದಿಲ್ಲ.

ಇದನ್ನು ವಿಚಾರಿಸಿ ತಿಳಿದು ಬರೆಯುತ್ತಿಲ್ಲ. ವಿಚಾರಿಸಬೇಕಾದ ಮಾತೇ ಅಲ್ಲ. ಆದರೂ ತಮ್ಮ ಅನುಮಾನ ನನಗೂ ಅಂಟಿ, ಅವಳನ್ನು ಒಂದು ಮಾತು ಕೇಳಿಬಿಟ್ಟೆ. ನನಗೆ ಅಂಟಿದ್ದನ್ನು ನಾನೇ ಒರೆಸಿಕೊಳ್ಳುತ್ತೇನೆ, ತಮಗೆ ಅಂಟಿದ್ದು ತಮಗೆ ಬಿಟ್ಟದ್ದು.

ರುಜು ಹಾಕು ಅಂತ ಅವಳಿಗೆ ಬುದ್ಧಿ ಹೇಳಿದವಳು ನಾನೇ. ಅವಳು ಕೇಳಲಿಲ್ಲ. ಒಳ್ಳೆಯದಾಯಿತು. ಮಾಡದ್ದನ್ನು ಬಿಡುತ್ತೇನೆ ಅನ್ನುವುದು ಮಾಡಿದ್ದೆ ಅನ್ನುವುದಕ್ಕೆ ಸಮ. ತಾವು ತೂಕದ ಇಲಾಖೆಯಲ್ಲಿದ್ದವರು. ತಟ್ಟೆಯಲ್ಲಿ ಏನೂ ಇಡದೆ ಮುಳ್ಳು ವಾಲಿತು ಅಂದರೆ ದೋಷ ಯಾವುದರದ್ದು ಅಂತ ತಮಗೆ ನಾನು ಹೇಳಬೇಕಾಗಿಲ್ಲ.

ಹುಡುಗಿಯ ತಾಯಿ


ಸೆಪ್ಟೆಂಬರ್ ೭

ಅಮ್ಮಾ,

ಗಡುವು ಮುಗಿದು ಎರಡು ದಿನವಾಗಿತ್ತು, ಸಾಮಾನು ಕಟ್ಟುತ್ತಿದ್ದೆ. ಯಜಮಾನರು ಬಾಗಿಲಲ್ಲಿ ಬಂದು ನಿಂತರು, ಕೈಯಲ್ಲಿ ನಿನ್ನ ಕಾಗದ. ಮೂಸಲಿಲ್ಲ.

"ತಾಯಿ ಬರೆದಿದ್ದಾರೆ. ಸರಿ, ಇರಮ್ಮ. ರುಜು ಬೇಡ."

"ನಾನೂ ಇದನ್ನೇ ಅಲ್ವಾ ಹೇಳಿದ್ದು?"

"ನೀನು ಹೇಳೋದು ಬೇರೆ, ತಾಯಿ ಹೇಳೋದು ಬೇರೆ."

ಅಲ್ಲಿಯವರೆಗೂ ಇದ್ದುಬಿಡೋಣ ಅನ್ನುವ ಆಸೆ ಇತ್ತು ನೋಡು. ಆ ಮಾತು ಕೇಳಿ ಹಾಸಿಗೆಗೆ ಹಗ್ಗ ಬಿಗಿದೆ. ನೀನು ಬೈಯುತ್ತೀ ಅಂತ ಗೊತ್ತು. ನನ್ನ ಮಾತಿಗೆ ಸಿಗದ ಕೋಣೆ ನಿನ್ನ ಚೀಟಿಗೆ ಸಿಕ್ಕಿತು. ಅದರಲ್ಲಿ ನನಗೆ ನಿದ್ದೆ ಬರುವುದಿಲ್ಲ. ನಾಳೆ ಇನ್ನೊಂದು ಅನುಮಾನ ಬಂದರೆ ಇನ್ನೊಂದು ಚೀಟಿ ತರಿಸಬೇಕಾ?

ನಿನ್ನ ಕಾಗದ ಓದಲು ಕೊಟ್ಟರು. ಅಲ್ಲೇ ನಿಂತು ಓದಿದೆ. ಇನ್ನೊಂದು ಸಲ ಓದಿದೆ. ಇಟ್ಟುಕೊಳ್ಳಲೇ ಅಂದರೆ, ಸಂಘದ ಕಡತಕ್ಕೆ ಬೇಕು ಅಂದರು. ಕೊಟ್ಟೆ. ನಾನು ಕೇಳಿದ್ದ ಆ ಒಂದು ಸಾಲು ಬಾಯಿಪಾಠ ಬಂದಿದೆ, ಸಾಕು.

ಹೊಸ ಕೋಣೆ ಹಾಸಿಗೆ ಹೊಲಿಯುವ ಒಬ್ಬ ಅಕ್ಕನ ಅಂಗಡಿಯ ಮೇಲೆ. ಮೂಗಿನೊಳಗೆಲ್ಲ ಹತ್ತಿ. ಘಟಕಕ್ಕೆ ದಾರಿ ದೂರವಾಯಿತು, ನಡುವೆ ಒಂದು ಏರು, ಕತ್ತಲಲ್ಲೇ ಹೊರಡಬೇಕು. ಇದುವರೆಗೆ ತಡವಾಗಿಲ್ಲ. ಕಾಯಂ ಆಗುತ್ತೋ ಇಲ್ಲವೋ, ಆಗದಿದ್ದರೆ ನನ್ನ ಹಟದಿಂದ ಆಗಲಿಲ್ಲ ಅಂತ ನಾನೇ ಹೇಳಿಕೊಳ್ಳುತ್ತೇನೆ, ನೀನು ಹೇಳುವುದು ಬೇಡ.

ಚೈನು ತೊಳೆದು ಬಿಗಿ ಮಾಡಿದೆ. ಭಾನುವಾರ ಹನಿ ಹಾಕಿ ಒರೆಸುತ್ತೇನೆ. ನೀನು ಹೇಳಿದ್ದಕ್ಕಲ್ಲ. ಏರಿನಲ್ಲಿ ಕಾಲಿಗೇ ಗೊತ್ತಾಗುತ್ತೆ.

ನಿನ್ನ,
ಗಡಿಬಿಡಿ


ಸೆಪ್ಟೆಂಬರ್ ೧೫

ಗಡಿಬಿಡಿ,

ಸಿಕ್ಕ ಕೋಣೆಯನ್ನು ಬಿಟ್ಟು ಹೋದೆಯಲ್ಲ, ಸ್ವಲ್ಪ ಬಗ್ಗಿದ್ದರೆ ಸೊಂಟ ಮುರಿಯುತ್ತಿತ್ತೇ ಅಂತ ಬರೆದೆ. ಹೊಡೆದುಹಾಕಿದೆ. ಕತ್ತಲಲ್ಲಿ ಆ ಏರು ಹತ್ತುವಾಗ ದೀಪ ಇದೆಯಾ, ಬ್ರೇಕು ಹಿಡಿಯುತ್ತಾ ಅಂತ ಬರೆದೆ. ಅದನ್ನೂ ಹೊಡೆದುಹಾಕಿದೆ. ಮೇಲೆ ಕಾಣುವ ಗೀಟುಗಳೆಲ್ಲ ಅವೇ. ಇಷ್ಟು ಕೊಳಕು ಕರಡು ಬೇರೆ ಯಾರಾದರೂ ಕೊಟ್ಟಿದ್ದರೆ ಮುಖಕ್ಕೆ ಎಸೆಯುತ್ತಿದ್ದೆ.

"ಅವಳ ಪಾಡಿಗೆ ಅವಳನ್ನ ಬಿಡೇ" ಅಂದರು ನಿಮ್ಮಪ್ಪ. ಬಿಟ್ಟಿದ್ದೇನೆ ಅಂದೆ. "ಹಾಗಾದ್ರೆ ಎರಡನೇ ಹಾಳೆ ಯಾಕೆ ತಗೊಂಡೆ?" ಅಂದರು. ಎರಡನೆಯ ಹಾಳೆ ವಾಪಸ್ಸು ಇಟ್ಟೆ.

ಉಳಿದದ್ದು ಒಂದೇ ಮಾತು. ಹೊಸ ಕೋಣೆ ನೋಡಲು ಬರಲೇ? ಬಾ ಅಂದರೆ ಬರುತ್ತೇನೆ, ಬೇಡ ಅಂದರೆ ಬೇಡ. ಇದಕ್ಕೆ ಪ್ರಾಸ ಹುಡುಕಿದೆ, ಸಿಗಲಿಲ್ಲ.

ಅಮ್ಮ


ಸೆಪ್ಟೆಂಬರ್ ೨೨ (ಕಾರ್ಡು)

ಅಮ್ಮಾ,

ಬಾ. ಭಾನುವಾರ ಬಂದು ಸಂಜೆಗೆ ಓಡುವುದಾದರೆ ಬೇಡ, ಶನಿವಾರವೇ ಬಂದು ಉಳಿದುಕೋ. ಮಲಗಲು ಯೋಚನೆಯಿಲ್ಲ, ಕೆಳಗೆ ಅಂಗಡಿ ತುಂಬ ಹಾಸಿಗೆ.

ಅಮ್ಮ ಬರ್ತಾಳೆ ಅಂದೆ, ಹಾಸಿಗೆ ಅಕ್ಕ "ಏನು ಮಾಡ್ತಾರೆ ನಿಮ್ಮಮ್ಮ?" ಅಂತ ಕೇಳಿದಳು. ತಪ್ಪು ಹುಡುಕ್ತಾಳೆ ಅಂದೆ. "ಅದು ಕೆಲಸಾನೋ ಸ್ವಭಾವಾನೋ?" ಅಂದಳು. ಬರಲಿ, ನೀನೇ ನೋಡಿ ಹೇಳು ಅಂದಿದ್ದೇನೆ.

ನಿನ್ನ,
ಗಡಿಬಿಡಿ